ಹನಿಗಿಂತ ಮುಂಚೆ ಬಂದ ಗಾಳಿ: ಮಾವಿನ ತೋಪಿನ ಒಂದು ಸಂಜೆ ಕೂಟದ ಪ್ರಕರಣ

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ತೋಪಿನಲ್ಲಿ ನಡೆದದ್ದು ಇದು. ಊರಿನ ಹೆಸರು, ಮನೆಯವರ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ನಡೆದ ಕ್ರಮ, ಹೊತ್ತು, ಅಳತೆ ಮಾತ್ರ ಇದ್ದ ಹಾಗೇ ಇವೆ. ನನ್ನದು ಶಾಮಿಯಾನ ಅಂಗಡಿ. ಅಪ್ಪ ಸರ್ವೆ ಕಂಬ, ತೆಂಗಿನ ಗರಿಯ ಚಪ್ಪರದಿಂದ ಶುರು ಮಾಡಿದರು. ನಾನು ಜಿಂಕ್ ಶೀಟು, ಲೈಟಿಂಗು, ಜನರೇಟರಿನವರೆಗೆ ತಂದಿದ್ದೇನೆ. ಇಷ್ಟು ವರ್ಷದ ಕೆಲಸದಲ್ಲಿ ಮಳೆಗೆ ಸಿಕ್ಕಿದ್ದು ಲೆಕ್ಕವಿಲ್ಲ. ಆದರೆ ಎಲ್ಲ ತಯಾರಿ ಮಾಡಿಕೊಂಡೂ ಎಡವಿದ್ದು ಇದೊಂದೇ ಸಲ. ಅದಕ್ಕೇ ಬರೆಯುತ್ತಿದ್ದೇನೆ.

ಮೇಷ್ಟ್ರ ಅರವತ್ತು

ಮನೆಯ ಯಜಮಾನರು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು. ಅರವತ್ತು ತುಂಬಿ ಮೇ ಕೊನೆಗೆ ನಿವೃತ್ತಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ಅಪ್ಪನ ಹುಟ್ಟುಹಬ್ಬ, ಬೀಳ್ಕೊಡುಗೆ ಎರಡನ್ನೂ ಒಟ್ಟಿಗೆ ಮಾಡುವ ಆಸೆ. ಕಲ್ಯಾಣ ಮಂಟಪ ಬೇಡ, ನಮ್ಮ ತೋಪಿನಲ್ಲೇ ಗಾರ್ಡನ್ ಪಾರ್ಟಿ ಇಟ್ಟುಕೊಳ್ಳೋಣ ಎಂದ. ಮೇ ಎರಡನೇ ಭಾನುವಾರ ಸಂಜೆ ಐದಕ್ಕೆ, 170 ಜನಕ್ಕೆ. ಅದರಲ್ಲಿ ಅರ್ಧಕ್ಕರ್ಧ ನೆಂಟರು ಮತ್ತು ಮೇಷ್ಟ್ರ ಹಳೆಯ ಸಹೋದ್ಯೋಗಿಗಳು, ಎಂದರೆ ಮೊಣಕಾಲು ನೋವಿನವರು, ಸಕ್ಕರೆ ಕಾಯಿಲೆಯವರು. ಉಳಿದವರು ಹಳೆಯ ವಿದ್ಯಾರ್ಥಿಗಳು ಮತ್ತು ಮಗನ ಸ್ನೇಹಿತರು.

ಮೇ ಎರಡನೇ ವಾರ ಎಂದರೆ ಭರಣಿ ಮಳೆ ಮುಗಿದು ಕೃತ್ತಿಕೆ ಕಾಲಿಡುವ ಹೊತ್ತು. ನಮ್ಮ ಕಡೆ ಈ ತಿಂಗಳಲ್ಲಿ ಬೆಳಗ್ಗೆಯ ಆಕಾಶ ನೋಡಿ ಸಂಜೆಯ ಮಾತು ಕೊಡುವ ಹಾಗಿಲ್ಲ. ಮಧ್ಯಾಹ್ನದವರೆಗೆ ನೆಲ ಕಾಯುತ್ತದೆ, ಬಿಸಿ ಗಾಳಿ ಮೇಲೇಳುತ್ತದೆ, ಮೂರು ನಾಲ್ಕು ಗಂಟೆಗೆ ಹೂಕೋಸಿನಂಥ ಮೋಡ ಕಟ್ಟುತ್ತದೆ, ಕತ್ತಲಾಗುವುದರೊಳಗೆ ಗುಡುಗು, ಗಾಳಿ, ಕೆಲವು ಸಲ ಆಲಿಕಲ್ಲು. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲ ಇದು. ಮುಕ್ಕಾಲು ಗಂಟೆಯಲ್ಲಿ ಬಂದು ಎಲ್ಲ ಬುಡಮೇಲು ಮಾಡಿ ಹೋಗುವ ಜಾತಿ. ಇದೆಲ್ಲ ಮೇಷ್ಟ್ರಿಗೆ ನನಗಿಂತ ಚೆನ್ನಾಗಿ ಗೊತ್ತು, ಮರದ ಮೇಲೆ ಬಲಿತ ಕಾಯಿ ಇಟ್ಟುಕೊಂಡ ಯಾವ ತೋಟದವನಿಗೂ ಗೊತ್ತು. ಆದರೂ ಅವರು ಮಗನ ಮುಂದೆ ಮಾತಾಡಲಿಲ್ಲ.

ಮಗ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಮರದಿಂದ ಮರಕ್ಕೆ ಸಣ್ಣ ಬಲ್ಬಿನ ಸರ, ಕೆಳಗೆ ದುಂಡು ಮೇಜು, ಮೇಲೆ ಬರೀ ಆಕಾಶ.

"ಅಣ್ಣ, ಬಟ್ಟೆ ಕಟ್ಟಿದ್ರೆ ಮದುವೆ ಮನೆ ಆಗೋಗ್ತದೆ. ಆಕಾಶ ಕಾಣ್ಬೇಕು ನಂಗೆ."

"ಆಕಾಶ ಕಾಣ್ತದೆ ಸಾರ್. ಅದು ಕೆಳಗಿಳಿದು ಬಂದ್ರೆ?" ಎಂದೆ. ನಕ್ಕ. ಅಷ್ಟರಲ್ಲಿ ಕಾಫಿ ತಂದ ಮೇಷ್ಟ್ರ ಹೆಂಡತಿ ಲೋಟ ಕೆಳಗಿಡುತ್ತಾ, "ಮಳೆ ಬಂದ್ರೆ ಮುದುಕ್ರನ್ನ ಎಲ್ಲಿ ಕೂರಿಸ್ತೀರಿ?" ಎಂದು ಕೇಳಿದರು. ಮಗ "ಅಮ್ಮಾ, ಬರಲ್ಲ ಬಿಡು" ಎಂದ. ನಾನು ಪುಸ್ತಕದಲ್ಲಿ ಅಂಗಡಿಯ ಸಾಮಾನಿನ ಲೆಕ್ಕದ ಕೆಳಗೆ ಆ ಪ್ರಶ್ನೆಯನ್ನು ಬರೆದುಕೊಂಡೆ. ಆ ಸಂಜೆಗೆ ಕೊನೆಗೂ ಉಪಯೋಗಕ್ಕೆ ಬಂದದ್ದು ಆ ಒಂದು ಸಾಲು.

ನೀರು ಎಲ್ಲಿ ಹರಿಯುತ್ತದೆ ಎಂದು ಯಾರನ್ನು ಕೇಳಬೇಕು

ಹತ್ತು ದಿನ ಮುಂಚೆ ಜಾಗ ಅಳೆಯಲು ಹೋದೆ. ಒಣ ನೆಲ ಕಣ್ಣಿಗೆ ಸಮನಾಗಿಯೇ ಕಾಣುತ್ತದೆ. ಮಗ "ಇಲ್ಲೇ ಅಣ್ಣ, ಫ್ಲಾಟಾಗಿದೆ" ಎಂದು ತೋಪಿನ ಮಧ್ಯದ ಬಯಲು ತೋರಿಸಿದ. ಅಲ್ಲೇ ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ, "ಇದ್ರಲ್ಲಾ? ಮಳೆ ಬಂದ್ರೆ ಮೇಗಲ ಹೊಲದ ನೀರೆಲ್ಲ ಇದ್ರಲ್ಲೇ ಹೋಗ್ತದೆ" ಎಂದರು. ನೋಡಿದರೆ ಹೌದು, ಒಣಗಿದ ಎಲೆಗಳು ಒಂದೇ ದಿಕ್ಕಿಗೆ ತಲೆ ಹಾಕಿ ಸಾಲಾಗಿ ಅಂಟಿಕೊಂಡಿದ್ದವು. ಹೋದ ಸಲದ ಮಳೆಯ ಗುರುತು.

ಬಯಲು ಬಿಡಲಿಲ್ಲ. ಅದರ ಮೇಲ್ಬದಿಗೆ ಒಂದು ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೆಗೆಸಿ ನೀರನ್ನು ಬದುವಿನ ಆಚೆಗೆ ತಿರುಗಿಸಿದೆವು. ಎರಡು ಆಳು, ಅರ್ಧ ದಿನದ ಕೆಲಸ. ಇಡೀ ಕೂಟದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ದುಡಿದದ್ದು ಆ ಕಾಲುವೆ. ಕಾರು ನಿಲ್ಲಿಸುವ ಜಾಗದ ಬಗ್ಗೆ ಮಾತ್ರ ಅಜ್ಜಿಯನ್ನು ಕೇಳಲಿಲ್ಲ. ಗೇಟಿನ ಪಕ್ಕ ಮಟ್ಟಸವಾಗಿದ್ದ ಜಾಗವನ್ನು ಮಗ ತೋರಿಸಿದ, ನಾನು ತಲೆಯಾಡಿಸಿದೆ. ಅದರ ಕಥೆ ಮುಂದೆ ಬರುತ್ತದೆ.

ಕರೆಂಟಿನ ವಿಷಯದಲ್ಲಿ ನಾನು ಹಟಮಾರಿ. ಜನರೇಟರನ್ನು ಊಟದ ಜಾಗದಿಂದ ಅರವತ್ತು ಅಡಿ ದೂರ, ಎತ್ತರದ ಕಟ್ಟೆಯ ಮೇಲೆ ಇರಿಸಿದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ವೈರು ಎಲ್ಲಾದರೂ ನೆಂದು ಅಷ್ಟು ಸೋರಿಕೆಯಾದರೂ ಸಾಕು, ಅದು ಲೈನ್ ಕಡಿದುಬಿಡುತ್ತದೆ. ಜಾಯಿಂಟು ಯಾವುದೂ ನೆಲದ ಮೇಲೆ ಬೀಳಬಾರದು ಎಂದು ಟೊಮ್ಯಾಟೊ ಕ್ರೇಟುಗಳನ್ನು ಬೋರಲು ಹಾಕಿ ಅದರ ಮೇಲೆ ಇಡಿಸಿದೆ. ನಮ್ಮ ಜಿಲ್ಲೆಯಲ್ಲಿ ಯಾವ ತೋಟಕ್ಕೆ ಹೋದರೂ ಕ್ರೇಟಿಗೆ ಬರವಿಲ್ಲ. ಅಕ್ಕಿ ಮೂಟೆ, ಸ್ಪೀಕರ್, ಎಲೆ ಕಟ್ಟು ಎಲ್ಲ ಅದರ ಮೇಲೆಯೇ. ಅಡುಗೆಗೆ ಮನೆಯ ಹಿಂಬದಿಯ ಶೀಟಿನ ಮಾಡು ಸಾಕಾಯಿತು.

ಇನ್ನು ಅಮ್ಮನ ಪ್ರಶ್ನೆ. ಮನೆ ಚಿಕ್ಕದು, ನಡುಮನೆ ಜಗಲಿ ಸೇರಿ ಮೂವತ್ತು ಜನಕ್ಕಿಂತ ಹೆಚ್ಚು ಹಿಡಿಯದು. ಬದುವಿನ ಆಚೆ ಪಕ್ಕದ ತೋಟದವರ ಹುಳುಮನೆ, ಎಂದರೆ ರೇಷ್ಮೆ ಹುಳು ಸಾಕುವ ಮನೆ, ಇತ್ತು. ಸುಮಾರು ನಲವತ್ತಡಿಗೆ ಇಪ್ಪತ್ತಡಿ, ಇಟ್ಟಿಗೆ ಗೋಡೆ, ಶೀಟಿನ ಸೂರು, ಸಿಮೆಂಟು ನೆಲ. ಅಮ್ಮನೇ ನನ್ನನ್ನು ಕರೆದುಕೊಂಡು ಹೋಗಿ ಆ ಮನೆಯಾಕೆಯನ್ನು ಮಾತಾಡಿಸಿದರು. ಗೂಡು ಆಗಲೇ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿತ್ತು, ಮುಂದಿನ ಚಾಕಿ ಹುಳು, ಎಂದರೆ ಎಳೆಯ ಮರಿಹುಳು, ಬರುವುದು ಕೂಟ ಮುಗಿದ ಮೇಲೆ. ನಡುವೆ ಮನೆ ಖಾಲಿ.

"ಇದ್ರೆ ಬನ್ನಿ. ಆದ್ರೆ ಒಳಗೆ ಬೀಡಿ ಸಿಗರೇಟು ಬೇಡ, ಊದುಬತ್ತಿ ಬೇಡ, ಸೊಳ್ಳೆ ಬತ್ತಿನೂ ಬೇಡ. ಹೋಗುವಾಗ ತೊಳ್ಕೊಟ್ಟು ಹೋಗಿ, ಬ್ಲೀಚಿಂಗ್ ಪುಡಿ ನಾನೇ ಹೊಡೀತೀನಿ" ಎಂದರು. ಹುಳುವಿಗೆ ಹೊಗೆ, ಔಷಧಿ ವಾಸನೆ ಆಗದು. ಒಂದು ಬೆಳೆ ಕೆಟ್ಟರೆ ಮನೆಯ ಲೆಕ್ಕವೇ ಕೆಡುತ್ತದೆ. ಖಾಲಿಯಿದ್ದಾಗಲೂ ಆಕೆಯ ಎಚ್ಚರ ಅಷ್ಟು. ಆ ಮೂರು ಷರತ್ತನ್ನು ನಾನು ನನ್ನ ಹುಡುಗರಿಗೆ ಬರೆದುಕೊಟ್ಟೆ. ಬೀಗದ ಕೈ ಶುಕ್ರವಾರವೇ ನನ್ನ ಜೇಬಿಗೆ ಬಂತು.

ರಾಜಿ

ಬಟ್ಟೆಯ ವಿಷಯದಲ್ಲಿ ರಾಜಿಯಾದದ್ದು ಹೀಗೆ. ಊಟ ಬಡಿಸುವ ಜಾಗಕ್ಕೆ ಮಾತ್ರ ಶಾಮಿಯಾನ ಗಟ್ಟಿಯಾಗಿ ಕಟ್ಟುವುದು. ಕೂರುವ ಜಾಗದಲ್ಲಿ ಕಂಬ, ನಡುವಿನ ದಬ್ಬೆ, ಗೂಟ ಎಲ್ಲ ನಿಲ್ಲಿಸಿ, 18ಕ್ಕೆ 36 ಅಡಿಯ ಎರಡು ವಾಟರ್‌ಪ್ರೂಫ್ ಬಟ್ಟೆಗಳನ್ನು ಮೇಲೆಯೇ ಸುತ್ತಿ ಕಟ್ಟಿರುವುದು. ಹನಿ ಬಿದ್ದರೆ ನಾಲ್ಕು ಹುಡುಗರು ಎರಡು ಕಡೆಯಿಂದ ಎಳೆದು ಬಿಚ್ಚುವುದು. ಶನಿವಾರ ಒಂದು ಸಲ ಎಳೆದು ತೋರಿಸಿದೆವು. ಆರು ನಿಮಿಷ. ಮಗನಿಗೆ ಖುಷಿಯೋ ಖುಷಿ.

ಈಗ ಯೋಚಿಸಿದರೆ ನನ್ನ ದೊಡ್ಡ ತಪ್ಪು ಇದೇ. ಶನಿವಾರ ಎಲೆ ಅಲ್ಲಾಡದಷ್ಟು ಗಾಳಿಯಿಲ್ಲದ ಹೊತ್ತು. ಆರು ನಿಮಿಷ ಎಂಬ ಲೆಕ್ಕ ಆ ಹೊತ್ತಿನ ಲೆಕ್ಕ. ಮೇಲಾಗಿ "ಹನಿ ಬಿದ್ದರೆ" ಎಂಬ ಷರತ್ತೇ ತಲೆಕೆಳಗು. ಮೇ ತಿಂಗಳ ಮಳೆಯಲ್ಲಿ ಮೊದಲು ಬರುವುದು ಹನಿಯಲ್ಲ. ಮೋಡದೊಳಗೆ ಮಳೆ ಸುರಿಯತೊಡಗಿದಾಗ ತಣ್ಣಗಾದ ಗಾಳಿ ದಬದಬ ಕೆಳಗಿಳಿದು, ನೆಲಕ್ಕೆ ಬಡಿದು, ಮಳೆಗಿಂತ ಮುಂಚೆ ಸುತ್ತ ಹರಡುತ್ತದೆ. ಬಿಸಿಲಲ್ಲಿ ನಿಂತವರಿಗೆ ಒಮ್ಮೆಲೇ ತಂಪು ಬಡಿದು, ಹಿಂದೆಯೇ ದೂಳು ಏಳುವುದು ಅದಕ್ಕೇ. ಹಳ್ಳಿಯ ಯಾವ ಮಗುವಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಗೊತ್ತಿದ್ದೂ ಹನಿಯ ಮಾತಿಗೆ ಒಪ್ಪಿಕೊಂಡೆ, ಯಾಕೆಂದರೆ ಗಿರಾಕಿಯ ಮುಖ ಅರಳಿತ್ತು.

ಇನ್ನೊಂದು ಸಂಗತಿ ಆಗ ಯಾರ ತಲೆಗೂ ಹೊಳೆಯಲಿಲ್ಲ. ಬಟ್ಟೆ ಎಳೆಯಿರಿ ಎಂದು ಹೇಳುವವರು ಯಾರು? ಮಗನೋ, ಮೇಷ್ಟ್ರೋ, ನಾನೋ?

ಭಾನುವಾರ

ಬೆಳಗ್ಗೆ ಜಿಲ್ಲೆಗೆ ಹಳದಿ ಎಚ್ಚರಿಕೆ ಇತ್ತು. ಹವಾಮಾನ ಇಲಾಖೆಯ ಬಣ್ಣಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮಕ್ಕಿಳಿಯಿರಿ ಎಂದು. ಮೇ ತಿಂಗಳಲ್ಲಿ ಹಳದಿ ಬರುವುದು ಮಾಮೂಲು, ಅದನ್ನು ನೋಡಿ ಕಾರ್ಯಕ್ರಮ ನಿಲ್ಲಿಸುತ್ತಾ ಹೋದರೆ ನಾನು ಅಂಗಡಿ ಮುಚ್ಚಬೇಕು. ನಾನು ಕಾಯುವುದು ಮುಂದಿನ ಮೂರು ಗಂಟೆಯ ಮುನ್ಸೂಚನೆಗೆ. ಅದು 3.20ಕ್ಕೆ ಬಂತು: ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ.

ಮಗನಿಗೆ ತೋರಿಸಿದೆ. ತಲೆಯೆತ್ತಿ ನೋಡಿದ. ನೆತ್ತಿಯ ಮೇಲೆ ನೀಲಿ ಆಕಾಶ. "ಇಡೀ ಜಿಲ್ಲೆಗೆ ಹೇಳಿರ್ತಾರಣ್ಣ. ಗೌರಿಬಿದನೂರಲ್ಲಿ ಬಂದ್ರೂ ನಮ್ಗೇನು?" ಮಾತು ಸುಳ್ಳಲ್ಲ. ಮೇಷ್ಟ್ರ ಮುಖ ನೋಡಿದೆ. ಅವರು ನಂದಿ ಬೆಟ್ಟದ ದಿಕ್ಕಿಗೆ ನೋಡುತ್ತಿದ್ದರು, ಅಲ್ಲಿ ಮೋಡದ ಬುಡ ಕಪ್ಪಾಗಿ, ನೇರ ಗೆರೆ ಎಳೆದ ಹಾಗೆ ಇತ್ತು. "ನಿಮ್ಗೆ ಹೆಂಗನ್ಸುತ್ತೋ ಹಂಗೆ ಮಾಡಿ" ಎಂದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ. ಮಗ ತನಗೆ ಎಂದುಕೊಂಡ, ನಾನು ನನಗಲ್ಲ ಎಂದುಕೊಂಡೆ.

ಹೀಗೆ ಐವತ್ತು ನಿಮಿಷ ಹೋಯಿತು. ಇಡೀ ಪ್ರಕರಣದಲ್ಲಿ ಮತ್ತೆ ಕೈಗೆ ಬೇಕೆನಿಸುವುದು ಆ ಐವತ್ತು ನಿಮಿಷವೇ. ಆಗ ಹುಡುಗರು ನಾಲ್ಕು ಜನ ಮರದ ನೆರಳಲ್ಲಿ ಕೂತು ಬೋಂಡ ತಿನ್ನುತ್ತಿದ್ದರು.

4.10ಕ್ಕೆ ಮಾವಿನ ಎಲೆಗಳ ಬೆನ್ನು ಕಾಣಿಸಿತು. ಗಾಳಿ ತಿರುಗಿದಾಗ ಮಾವಿನ ಮರ ಇಡಿಯಾಗಿ ಬಣ್ಣ ಬದಲಿಸುತ್ತದೆ, ಎಲೆಯ ಕೆಳಮೈ ಪೇಲವ. ಎದ್ದು ನಿಂತು "ಎಳೀರೋ" ಎಂದು ಕೂಗಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆದರೆ ಹೊತ್ತು ಮೀರಿತ್ತು. ಮೊದಲ ಬಟ್ಟೆ ಅರ್ಧ ಬಿಚ್ಚಿಕೊಂಡಿತ್ತು, ಗಾಳಿ ಬಂತು. ದೂಳು, ತರಗೆಲೆ, ಕಾಗದದ ಲೋಟ ಎಲ್ಲ ಒಂದೇ ಮಟ್ಟದಲ್ಲಿ ಹಾರಿ ಹೋದವು. ಬಟ್ಟೆ ಹಾಯಿಯ ಹಾಗೆ ಉಬ್ಬಿ ನಿಂತಿತು.

ಇಲ್ಲೊಂದು ಲೆಕ್ಕ ಹೇಳಬೇಕು. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಬೀಳುವ ಒತ್ತಡ ನ್ಯೂಟನ್ನಿನಲ್ಲಿ ಸಿಗುತ್ತದೆ. ಕಟ್ಟಡದ ಇಂಜಿನಿಯರುಗಳ ಲೆಕ್ಕ ಇದು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಒತ್ತಡ ಚದರ ಮೀಟರಿಗೆ ಹೆಚ್ಚುಕಡಿಮೆ 12 ಕೆ.ಜಿ. ಭಾರದಷ್ಟು. ನಮ್ಮ ಬಟ್ಟೆ ಅರ್ಧ ಬಿಚ್ಚಿದ್ದು 30 ಚದರ ಮೀಟರ್. ಅಂದರೆ ನಾಲ್ಕು ಹುಡುಗರು 350 ಕೆ.ಜಿ. ಎಳೆತವನ್ನು ಹಗ್ಗದಲ್ಲಿ ಹಿಡಿಯಲು ಹೊರಟಿದ್ದರು. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ, ಅದು ಬೇರೆ. ಪೂರ್ತಿ ಬಿಗಿದು ಇಳಿಜಾರು ಕೊಟ್ಟ ಬಟ್ಟೆಯ ಮೇಲೆ ಗಾಳಿ ಜಾರಿ ಹೋಗುತ್ತದೆ, ಸುತ್ತಿ ಕಟ್ಟಿದ ಬಟ್ಟೆಗೆ ಗಾಳಿ ಸಿಗುವುದೇ ಇಲ್ಲ. ಅರ್ಧಂಬರ್ಧ ಬಿಚ್ಚಿದ್ದೇ ಎಲ್ಲಕ್ಕಿಂತ ಕೆಟ್ಟದ್ದು, ನಾವು ಅದನ್ನೇ ಮಾಡಿದ್ದೆವು.

ಎರಡು ಕಂಬ ಎದ್ದವು. ಒಬ್ಬ ಹುಡುಗನ ಅಂಗೈ ಹಗ್ಗ ಜಾರಿ ಸುಟ್ಟಿತು. "ಬಿಡ್ರೋ, ಕೊಯ್ದು ಬಿಡ್ರಿ" ಎಂದು ನಾನೇ ಕುಡುಗೋಲಿನಿಂದ ಎರಡು ಹಗ್ಗ ಕೊಯ್ದೆ. ಬಟ್ಟೆ ಒಂಬತ್ತು ಅಡಿ ಉದ್ದ ಹರಿದುಕೊಂಡು ಒಂದು ಮರಕ್ಕೆ ಸುತ್ತಿಕೊಂಡಿತು. ಬಟ್ಟೆಗೆ ಬೆಲೆಯಿದೆ, ಹಿಡಿದುಕೊಂಡೇ ಇರೋಣ ಎಂದು ಅನಿಸುವ ಆ ಎರಡು ಸೆಕೆಂಡು ಇದೆಯಲ್ಲ, ನಮ್ಮ ಕಸುಬಿನಲ್ಲಿ ಕೈಕಾಲು ಹೋಗುವುದು ಅಲ್ಲೇ.

ಹಿಂದೆ ಮಾಡಿನಲ್ಲಿ ಒಲೆಯ ಉರಿ ಗಾಳಿಗೆ ಆರಿತ್ತು. ಭಟ್ಟರು ಮತ್ತೆ ಹಚ್ಚಲು ಹೋಗದೆ ಮೊದಲು ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದರು. ಉರಿ ಆರಿದರೂ ಗ್ಯಾಸು ಬರುತ್ತಲೇ ಇರುತ್ತದೆ, ಗಡಿಬಿಡಿಯಲ್ಲಿ ಕಡ್ಡಿ ಗೀರಿದವರ ಗತಿ ನೋಡಿದವರು ಅವರು. ಯಾರೂ ಗಮನಿಸದ ಆ ಕೆಲಸಕ್ಕೆ ನಾನು ಆಮೇಲೆ ಕೈಮುಗಿದೆ.

ಹುಣಸೆ ಮರ, ಹುಳುಮನೆ

ಅಷ್ಟು ಹೊತ್ತಿಗೆ ಅರವತ್ತು ಜನ ಬಂದಾಗಿತ್ತು. ಐದಕ್ಕೆ ಎಂದರೆ ನಾಲ್ಕಕ್ಕೇ ಬರುವವರು ಹಳೆಯ ಮೇಷ್ಟ್ರುಗಳೇ. ದಪ್ಪ ಹನಿ ಶುರುವಾದ ಕೂಡಲೇ ಅರ್ಧ ಜನ ಬದುವಿನ ಮೇಲಿನ ಒಂಟಿ ಹುಣಸೆ ಮರದ ಕೆಳಗೆ ಓಡಿದರು. ಕೂಟದ ತುಂಬ ನಾನು ನಿಜವಾಗಿ ಹೆದರಿದ್ದು ಆಗ. ಮಿಂಚು ಕಂಡು ಗುಡುಗು ಕೇಳುವ ನಡುವೆ ಒಂಬತ್ತು ಎಣಿಸಿದ್ದೆ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಎಂದರೆ ಸಿಡಿಲು ಮೂರು ಕಿ.ಮೀ. ದೂರದಲ್ಲಿದೆ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೇ ಸೂರಿನ ಒಳಗೆ ಹೋಗಬೇಕು. ಕುರಿ ಕಾಯುವವರು, ಹೊಲದ ಕೆಲಸದವರು ಮಳೆಗೆ ಮರದಡಿ ನಿಂತು ಸಿಡಿಲಿಗೆ ಸತ್ತ ಸುದ್ದಿ ನಮ್ಮ ಕಡೆ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಕಬ್ಬಿಣದ ಕಂಬದ ಶಾಮಿಯಾನವೂ ಆ ಹೊತ್ತಿಗೆ ಆಸರೆಯಲ್ಲ. ಗಟ್ಟಿ ಗೋಡೆಯ ಕಟ್ಟಡ, ಇಲ್ಲವೇ ಕಿಟಕಿ ಮುಚ್ಚಿದ ಕಾರು, ಎರಡೇ ದಾರಿ.

ಬೀಗದ ಕೈ ಅಮ್ಮನ ಕೈಗೆ ಕೊಟ್ಟೆ. ಅವರು ಸೆರಗು ತಲೆಗೆ ಹಾಕಿಕೊಂಡು "ಎಲ್ಲಾರೂ ಹುಳುಮನೆಗೆ ನಡೀರಿ, ಚಪ್ಪಲಿ ಆಚೆ ಬಿಡಿ" ಎಂದು ಮುಂದೆ ಹೊರಟರು. ನಾನು ಹೇಳಿದ್ದರೆ ನಾಲ್ಕು ಜನ ವಾದ ಮಾಡುತ್ತಿದ್ದರು. ಆಯಮ್ಮನ ಹಿಂದೆ ಅರವತ್ತು ಜನವೂ ಶಾಲೆ ಮಕ್ಕಳ ಹಾಗೆ ನಡೆದರು. ಹುಣಸೆ ಮರದಿಂದ ಹುಳುಮನೆಗೆ ನೂರು ಹೆಜ್ಜೆ.

ಒಳಗೆ ಸ್ಟ್ಯಾಂಡುಗಳನ್ನು ಗೋಡೆಗೆ ಒತ್ತಿ, ಚಂದ್ರಿಕೆಗಳನ್ನು ಒಂದು ಮೂಲೆಗೆ ಪೇರಿಸಿದ್ದರು. ಹಿಪ್ಪುನೇರಳೆ ಕಡ್ಡಿಯ ವಾಸನೆ, ಸುಣ್ಣದ ವಾಸನೆ. ಶೀಟಿನ ಮೇಲೆ ಮಳೆಯ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಚಂದ್ರಿಕೆ ಎಂದರೇನು ಎಂದು ಕೇಳಿದ್ದಕ್ಕೆ, ಮೇಷ್ಟ್ರು ಹಣ್ಣಾದ ಹುಳು ಅದರಲ್ಲಿ ಹೇಗೆ ಗೂಡು ಕಟ್ಟುತ್ತದೆ ಎಂದು ಪಾಠ ಶುರು ಮಾಡಿದರು, ಗಂಟಲು ಹರಿಯುವಷ್ಟು ಜೋರಾಗಿ. ನಿವೃತ್ತಿಗೆ ಇನ್ನೂ ಎರಡು ವಾರದ ಮೇಲೇ ಬಾಕಿ ಇತ್ತಲ್ಲ.

ಇನ್ನೂ ದಾರಿಯಲ್ಲಿದ್ದ ನೂರು ಜನಕ್ಕೆ ಮೇಷ್ಟ್ರ ಮಗಳು 4.50ಕ್ಕೆ ವಾಟ್ಸಾಪಿನಲ್ಲಿ ಮೂರು ಸಾಲು ಹಾಕಿದಳು: ಏಳೂವರೆಗೆ ಬನ್ನಿ, ಊಟ ಇದೆ, ಕಾರು ಊರಿನ ಶಾಲೆ ಮೈದಾನದಲ್ಲಿ ನಿಲ್ಲಿಸಿ. ಅಷ್ಟೇ. ಕ್ಷಮಾಪಣೆ, ಮಳೆಯ ಚಿತ್ರ ಏನೂ ಇರಲಿಲ್ಲ. ಇದ್ದಿದ್ದರೆ ಅರ್ಧ ಜನ ಮನೆಗೆ ತಿರುಗುತ್ತಿದ್ದರು. ಬರದೆ ಉಳಿದವರು ಹದಿನಾಲ್ಕು ಜನ ಮಾತ್ರ.

ಊಟದ ಜಾಗದ ಶಾಮಿಯಾನ ನಿಂತಿತ್ತು. ಆದರೆ ಎರಡು ಬಟ್ಟೆ ಸೇರುವ ಕಡೆ ನೀರು ಹೊಟ್ಟೆ ಕಟ್ಟಿತು. 18ಕ್ಕೆ 36 ಅಡಿ ಎಂದರೆ 60 ಚದರ ಮೀಟರ್, ಒಂದು ಮಿ.ಮೀ. ಮಳೆಗೆ 60 ಲೀಟರ್, ಹತ್ತು ಮಿ.ಮೀ.ಗೆ 600 ಲೀಟರ್. ಹರಿದು ಹೋಗದಿದ್ದರೆ ಬಟ್ಟೆಯ ಮೇಲೆ ನೀರಲ್ಲ, ಎಮ್ಮೆ ಕೂತ ಲೆಕ್ಕ. ಮಿಂಚು ದೂರವಾಗುವ ತನಕ ಅದನ್ನು ಮುಟ್ಟಬೇಡಿ ಎಂದೆ. ಬಯಲಲ್ಲಿ ಬಿಟ್ಟಿದ್ದ ನೇರ ಗೋಡೆಯ ಡಬರಿಯಲ್ಲಿ ಕೊನೆಗೆ ಒಂದೂವರೆ ಅಂಗುಲ ನೀರಿತ್ತು, ಅಂದರೆ ಸುಮಾರು 38 ಮಿ.ಮೀ. ಮೇಲಿನ ಹೊಲದ ಕೆಂಪು ನೀರೆಲ್ಲ ಕಾಲುವೆ ತುಂಬ ಓಡಿ ಬದುವಿನ ಆಚೆ ಬಿತ್ತು. ಬಯಲು ನೆಂದಿತ್ತು, ಕೆರೆಯಾಗಲಿಲ್ಲ.

ಮಳೆ ನಿಂತ ಮೇಲಿನ ಎರಡು ಜಗಳ

ಮಳೆ ನಿಂತದ್ದು 6.05ಕ್ಕೆ. ಮಗ ಹತ್ತು ನಿಮಿಷದಲ್ಲಿ ಹೊರಗೆ ಬಂದು "ಲೈಟ್ ಹಾಕ್ಸಿ ಅಣ್ಣ, ಇನ್ನೂ ಮಾಡ್ಬೋದು" ಎಂದ. ದೂರದಲ್ಲಿ ಗುಡುಗು ಇನ್ನೂ ಉರುಳುತ್ತಿತ್ತು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾಯುವುದು ಎಂದೆ. ಪ್ರತಿ ಸಲ ಗುಡುಗಿದಾಗಲೂ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಅವನಿಗೆ ಸಿಟ್ಟು ಬಂತು, ನನಗೂ. 6.35ಕ್ಕೆ ಕೊನೆಯದು ಕೇಳಿತು, 7.05ಕ್ಕೆ ಹೊರಗೆ ಬಿಟ್ಟೆ.

ಎರಡನೇ ಜಗಳ ಲೈಟಿಂಗ್ ಹುಡುಗನ ಜೊತೆ. ಜನರೇಟರ್ ಹಾಕಿದ ಕೂಡಲೇ ಆರ್‌ಸಿಸಿಬಿ ಟಪ್ ಎಂದು ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. "ಅಣ್ಣ, ಇದು ಹಿಂಗೇ ಆಡ್ತದೆ. ಡೈರೆಕ್ಟ್ ಕೊಟ್ಬಿಡ್ಲಾ?" ಎಂದ. ನಿಮ್ಮ ಅಂಗಡಿಯಲ್ಲೂ ಒಬ್ಬ ಇಂಥವನು ಇರುತ್ತಾನೆ. ಕೆಲಸ ಬಲ್ಲವನೇ, ಆದರೆ ಬೆಳಕು ಬರದಿದ್ದರೆ ಮಾನ ಹೋಯಿತು ಎಂದುಕೊಳ್ಳುವವನು. ಅದು ಬೀಳುತ್ತಿರುವುದೇ ಎಲ್ಲೋ ಒಂದು ಬಲ್ಬಿನ ಸರ ನೆಂದು ಮರಕ್ಕೆ ಕರೆಂಟು ಹರಿಯುತ್ತಿದೆ ಎಂದು ಹೇಳಲಿಕ್ಕೆ. ಒದ್ದೆ ನೆಲ, ಬರಿಗಾಲಿನ ಜನ. ಮರದ ಸರಗಳನ್ನೆಲ್ಲ ಪ್ಲಗ್ಗಿನಿಂದ ಕಿತ್ತೆಸೆದು, ಮನೆ ಮತ್ತು ಮಾಡಿನ ಲೈನನ್ನು ಮಾತ್ರ ಹಚ್ಚಿಸಿದೆ. ನಿಂತಿತು. ಹುಳುಮನೆಗೆ ನಾಲ್ಕು ಎಮರ್ಜೆನ್ಸಿ ಲ್ಯಾಂಪು. ಮಗ ಚಿತ್ರದಲ್ಲಿ ತೋರಿಸಿದ್ದ ಬಲ್ಬಿನ ಸರ ಆ ರಾತ್ರಿ ಉರಿಯಲೇ ಇಲ್ಲ.

ದೋಸೆ ಕೌಂಟರು, ಚಾಟು ಬಿಟ್ಟೆವು. ಮುದ್ದೆ, ಅವರೆಬೇಳೆ ಹುಳಿ, ನಾಟಿ ಕೋಳಿ ಸಾರು, ಅನ್ನ ಸಿದ್ಧವಿತ್ತು. ಹುಳುಮನೆಯಲ್ಲಿ ಚಾಪೆ ಹಾಸಿ ನಲವತ್ತು ನಲವತ್ತು ಜನರ ನಾಲ್ಕು ಪಂಕ್ತಿ. ಹತ್ತೂವರೆಗೆ ಕೊನೆಯ ಎಲೆ ಎತ್ತಿದೆವು.

ಇನ್ನು ಕಾರಿನ ಕಥೆ. ಗೇಟಿನ ಪಕ್ಕದ ಆ ಮಟ್ಟಸ ಜಾಗಕ್ಕೆ ಮಾರ್ಚಿನಲ್ಲಿ ಕೆರೆ ಗೋಡು, ಎಂದರೆ ಕೆರೆಯ ಹೂಳು ಮಣ್ಣು, ಹೊಡೆಸಿದ್ದರಂತೆ, ಮುಂದೆ ಗಿಡ ಹಾಕಲಿಕ್ಕೆ. ಒಣಗಿದಾಗ ಸಿಮೆಂಟು, ನೆಂದರೆ ಮೇಣ. ಮಳೆಗೆ ಮುಂಚೆ ಬಂದ ಹನ್ನೊಂದು ಕಾರು ಚಕ್ರದ ಅರ್ಧಕ್ಕೆ ಹೂತಿದ್ದವು. ಟ್ರಾಕ್ಟರ್ ತರಿಸಿ ಒಂದೊಂದಾಗಿ ಎಳೆಯುವಾಗ ರಾತ್ರಿ ಹನ್ನೆರಡೂವರೆ. ಕಳೆ ಕೀಳುವ ಅಜ್ಜಿ ಮರುದಿನ ಬಂದು ನೋಡಿ, "ಇಲ್ಲಿ ಬಿಟ್ರಾ? ನನ್ ಕೇಳಿದ್ರೆ ಹೇಳ್ತಿದ್ನಲ್ಲಾ" ಎಂದರು.

ಈಗ ಬದಲಾಗಿರುವುದು

ನೆಲ, ಕರೆಂಟು, ಒಲೆ, ಆಸರೆ ಈ ನಾಲ್ಕರಲ್ಲಿ ನಮ್ಮ ತಯಾರಿ ನಿಂತಿತು. ಯಾಕೆಂದರೆ ಅವುಗಳನ್ನು ಮೋಡ ಕಾಣುವ ಮುಂಚೆಯೇ ಮುಗಿಸಿದ್ದೆವು. ಮುರಿದು ಬಿದ್ದದ್ದು ಆಗಿನ್ನಾಗ ನೋಡೋಣ ಎಂದು ಬಿಟ್ಟದ್ದು. ಬಟ್ಟೆಯಾದರೂ ಅಷ್ಟೇ, ಯಾರು ಹೇಳಬೇಕು ಎಂಬುದಾದರೂ ಅಷ್ಟೇ. ನನ್ನ ಪ್ರಕಾರ ಎರಡನೆಯದೇ ಮೂಲ. ಮೇಷ್ಟ್ರು ಮಗನ ಆಸೆಗೆ ಅಡ್ಡ ಬರಲಿಲ್ಲ, ಮಗ ಅಪ್ಪ ಸುಮ್ಮನಿದ್ದಾರೆಂದು ಧೈರ್ಯ ತಂದುಕೊಂಡ, ನಾನು ಗಿರಾಕಿ ಹೇಳಲಿ ಎಂದು ಕಾದೆ. ಮೂವರಿಗೂ ಮೋಡ ಕಂಡಿತ್ತು.

ಹರಿದ ಬಟ್ಟೆಯ ದುಡ್ಡನ್ನು ಮೇಷ್ಟ್ರು ಕೊಡಲು ಬಂದರು. ಅರ್ಧ ತೆಗೆದುಕೊಂಡೆ. ಉರಿಯದ ಬಲ್ಬಿನ ಬಾಡಿಗೆ ಬಿಟ್ಟೆ. ಅಂಗೈ ಸುಟ್ಟ ಹುಡುಗನಿಗೆ ಹತ್ತು ದಿನದ ಕೂಲಿ ಕೂರಿಸಿ ಕೊಟ್ಟೆ. ಹುಳುಮನೆಯನ್ನು ಮರುದಿನ ನಾವೇ ತೊಳೆದೆವು. ಆ ಮನೆಯಾಕೆ ಮೂಗಿನಿಂದ ಮೂಲೆ ಮೂಲೆ ನೋಡಿ, ಸಾರಿನ ವಾಸನೆ ಇದೆ ಎಂದು ಇನ್ನೊಂದು ಸಲ ತೊಳೆಸಿದರು.

ಏಪ್ರಿಲ್ ಮೇ ತಿಂಗಳಲ್ಲಿ ಈಗ ನಾನು ಎಳೆಯುವ ಬಟ್ಟೆ ಕಟ್ಟುವುದಿಲ್ಲ. ಕಟ್ಟಿದರೆ ಪೂರ್ತಿ, ಇಲ್ಲವಾದರೆ ಇಲ್ಲ. ಒದ್ದೆ ನೆಲದಲ್ಲಿ ಗೂಟ ಸಡಿಲಾಗುತ್ತದೆಂದು ಮೂಲೆ ಕಂಬಗಳಿಗೆ 200 ಲೀಟರಿನ ಡ್ರಮ್ಮು ತುಂಬಿ ಕಟ್ಟುತ್ತೇನೆ, ತಲಾ 200 ಕೆ.ಜಿ. ಆಯಿತು. ಬುಕಿಂಗ್ ಚೀಟಿಯಲ್ಲಿ ಅಡ್ವಾನ್ಸಿನ ಕೆಳಗೆ ಒಂದು ಹೊಸ ಸಾಲು ಸೇರಿಸಿದ್ದೇನೆ: ಮಳೆಯ ತೀರ್ಮಾನ ಯಾರದು, ಎಷ್ಟು ಗಂಟೆಗೆ. ಒಂದೇ ಹೆಸರು ಬರೆಯಬೇಕು. ಆ ಹೊತ್ತಿಗೆ ಅವರು ಫೋನ್ ಎತ್ತದಿದ್ದರೆ ನಾನು ಕಟ್ಟಿಬಿಡುತ್ತೇನೆ.

ಈ ಬೇಸಿಗೆಯಲ್ಲಿ ಒಂದು ನಾಮಕರಣಕ್ಕೆ ಆ ಸಾಲಿನಲ್ಲಿ ಮಗುವಿನ ಮುತ್ತಜ್ಜಿಯ ಹೆಸರು ಬರೆದರು, ಹೊತ್ತು ಮಧ್ಯಾಹ್ನ ಎರಡು. ಒಂದೂಮುಕ್ಕಾಲಿಗೇ ಫೋನ್ ಬಂತು. "ಕಟ್ಬಿಡಪ್ಪ." ಕಟ್ಟಿದೆ. ಸಂಜೆ ಒಂದು ಹನಿಯೂ ಬೀಳಲಿಲ್ಲ. ಚುಕ್ಕಿ ತುಂಬಿದ ಆಕಾಶದ ಕೆಳಗೆ ಎಲ್ಲರೂ ನನ್ನ ಬಟ್ಟೆಯ ಕೆಳಗೆ ಕೂತು ಹೋಳಿಗೆ ತಿಂದರು. ಮಗುವಿನ ಅಪ್ಪ ದುಡ್ಡು ಎಣಿಸಿ ಕೊಡುವಾಗ ಬಟ್ಟೆಯನ್ನೂ ಆಕಾಶವನ್ನೂ ಒಂದು ಸಲ ನೋಡಿ, ಇನ್ನೂರು ರೂಪಾಯಿ ಹಿಡಿದುಕೊಂಡ.